ಟೊಮೆಟೊಗೆ ವ್ಯಾಮ್ ಹಾಕಿದ್ದು: ನನ್ನ ಅನುಭವ

ಕೋಲಾರದ ಹತ್ತಿರ ನಮ್ಮ ಕೆಂಪು ಮಣ್ಣಿನಲ್ಲಿ ಟೊಮೆಟೊ ನಾಟಿಯಾಗಿ 20 ದಿನ ಕಳೆದರೂ ಗಿಡ ಏಳುತ್ತಿರಲಿಲ್ಲ. ಎಲೆಯ ತಳಭಾಗ ನೇರಳೆಗೆ ತಿರುಗುತ್ತಿತ್ತು, ರಂಜಕ ಸಾಲದ ಲಕ್ಷಣ. ರಂಜಕ ಕೊಡುವ ಡಿಎಪಿ ಗೊಬ್ಬರ ಹೆಚ್ಚಿಸಿದೆ, ಆಗಲಿಲ್ಲ. ವ್ಯಾಮ್ ಪುಡಿಯನ್ನು (ಬೇರಿನೊಳಗೆ ಸೇರಿ ಮಣ್ಣಿನ ರಂಜಕವನ್ನು ಗಿಡಕ್ಕೆ ತಂದುಕೊಡುವ ಶಿಲೀಂಧ್ರದ ಗೊಬ್ಬರ) ಸಾಲಿನ ಮೇಲೆ ಎರಚಿದೆ, ಅದೂ ವ್ಯರ್ಥ. ಈ ಶಿಲೀಂಧ್ರ ಜೀವಂತ ಬೇರಿಗೆ ತಾಗಿದರಷ್ಟೇ ಬೆಳೆಯುತ್ತದೆ. ಮಣ್ಣಿನಲ್ಲಿ ರಂಜಕ ಜಾಸ್ತಿಯಾದರೆ ಬೇರಿನೊಳಗೆ ಸೇರುವುದೂ ಕಡಿಮೆ.

ಈ ಸಲ ಪ್ರೋಟ್ರೇ (ಸಸಿ ಬೆಳೆಸುವ ಗುಳಿ ತಟ್ಟೆ) ತುಂಬುವ ಮೊದಲೇ 10 ಕೆಜಿ ಕೋಕೋಪಿಟ್‌ಗೆ (ತೆಂಗಿನ ನಾರಿನ ಪುಡಿ) ಅರ್ಧ ಕೆಜಿ ವ್ಯಾಮ್ ಕಲಸಿ, ಆಮೇಲೆ ಬೀಜ ಹಾಕಿದೆ. ಸಸಿಗೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಹುಯ್ಯಲಿಲ್ಲ, ಅದು ಈ ಶಿಲೀಂಧ್ರವನ್ನೂ ಹೊಡೆಯುತ್ತದೆ. 25ನೇ ದಿನ ನಾಟಿ ಮಾಡುವಾಗ ಪ್ರತಿ ಗುಣಿಗೆ 10 ಗ್ರಾಂ ವ್ಯಾಮ್ ಹಾಕಿ, ಬೇರು ಅದರ ಮೇಲೇ ಕೂರುವಂತೆ ಸಸಿ ಇಟ್ಟೆ. ಡಿಎಪಿ ಅರ್ಧಕ್ಕಿಳಿಸಿದೆ. ನೇರಳೆ ಬಣ್ಣ ಮತ್ತೆ ಕಾಣಲಿಲ್ಲ.

ಎಲೆಕೋಸಿಗೆ ವ್ಯಾಮ್ ಕೊಳ್ಳಲು ದುಡ್ಡು ಹಾಕಬೇಡಿ, ಸಾಸಿವೆ ಜಾತಿಯ ಬೇರಿಗೆ ಇದು ಹತ್ತುವುದಿಲ್ಲ.