ಮೂರು ಕ್ಷೇತ್ರದ ಪೇಪರುಗಳು, ಸೈಟೇಶನ್ ಲೆಕ್ಕ: ನನ್ನ ಅನುಭವ

ಕೋಲಾರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಸಂಶೋಧನೆ ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೆ. ನೀರು ಒಂದೇ ಆದರೂ ಬರೆದದ್ದು ಹೋಗುವುದು ಮೂರು ಕಡೆಗೆ: ರಸಾಯನಶಾಸ್ತ್ರ, ಅಂತರ್ಜಲ, ಸಾರ್ವಜನಿಕ ಆರೋಗ್ಯ. ಬಡ್ತಿಯ ಅರ್ಜಿಗೆ ಪ್ರಕಟಣೆಗಳ ಪಟ್ಟಿ ಮಾಡಲು ಕೂತಾಗ ಎಲ್ಲದರ ಸೈಟೇಶನ್ (ಬೇರೆ ಪೇಪರುಗಳಲ್ಲಿ ನಮ್ಮದರ ಉಲ್ಲೇಖ) ಕೂಡಿ ಒಂದೇ ಅಂಕಿ ಬರೆಯಲು ಮನಸ್ಸು ಒಪ್ಪಲಿಲ್ಲ.

ಮೊದಲ ತೊಡಕು ಹೆಸರಿನದು. ನಮ್ಮಲ್ಲಿ ಹಲವರಿಗೆ ಮನೆತನದ ಹೆಸರಿಲ್ಲ, ಊರು ಮತ್ತು ತಂದೆಯ ಇನಿಷಿಯಲ್ಲೇ ಗುರುತು. ಒಂದು ಪತ್ರಿಕೆ ಅದನ್ನು ಹಿಂದೆ ಹಾಕುತ್ತದೆ, ಇನ್ನೊಂದು ಮುಂದೆ, ಮತ್ತೊಂದು ಬಿಟ್ಟೇಬಿಡುತ್ತದೆ. ಸಂಶೋಧನಾ ಪೇಪರು ಹುಡುಕಿ ಸೈಟೇಶನ್ ಎಣಿಸುವ ಗೂಗಲ್ ಸ್ಕಾಲರ್, ನನ್ನ ಪುಟಕ್ಕೆ ನನ್ನ ಹೆಸರಿನ ಬೇರೆಯವರ ಪೇಪರುಗಳನ್ನೂ ತಂದು ಸೇರಿಸಿತ್ತು. ತಾನಾಗಿಯೇ ಸೇರಿಸಿಕೊಳ್ಳುವ ಸೌಲಭ್ಯವನ್ನು ನಿಲ್ಲಿಸಿ, ನನ್ನದಲ್ಲದ್ದನ್ನು ತೆಗೆದು, ಎರಡೆರಡು ಸಲ ಬಂದದ್ದನ್ನು ಒಂದುಗೂಡಿಸಿದೆ. ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ ಐಡಿಯನ್ನೂ ಮಾಡಿಸಿಕೊಂಡೆ.

ಆಮೇಲೆ ಎಚ್-ಇಂಡೆಕ್ಸ್. ಇದು ಒಬ್ಬರ ಎಷ್ಟು ಪೇಪರುಗಳಿಗೆ ಕನಿಷ್ಠ ಅಷ್ಟಷ್ಟೇ ಸೈಟೇಶನ್ ಸಿಕ್ಕಿವೆ ಎಂದು ಹೇಳುವ, ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಮುಂದಿಟ್ಟ ಅಳತೆ. ಆರು ಪೇಪರುಗಳಿಗೆ 41, 18, 9, 6, 5, 2 ಸೈಟೇಶನ್ ಇದ್ದರೆ ಎಚ್ 5, ಏಕೆಂದರೆ ಐದು ಪೇಪರುಗಳಿಗೆ ಕನಿಷ್ಠ ಐದೈದು ಸಿಕ್ಕಿವೆ. ಆ 41 ನಾಳೆ 400 ಆದರೂ ಎಚ್ ಐದೇ. ಜೀವವಿಜ್ಞಾನದವರ ಎಚ್ ಭೌತವಿಜ್ಞಾನದವರಿಗಿಂತ ಹೆಚ್ಚಿರುತ್ತದೆ ಎಂದು ಹಿರ್ಶ್ ಅವರೇ ಆ ಲೇಖನದಲ್ಲಿ ಬರೆದಿದ್ದರು. ಅರ್ಜಿ ನೋಡುವವರು ಇದನ್ನು ಮರೆಯಬಾರದು. ವೈದ್ಯಕೀಯದಲ್ಲಿ ಬರೆಯುವವರು ಹೆಚ್ಚು, ಪೇಪರಿನ ಕೊನೆಯ ಉಲ್ಲೇಖ ಪಟ್ಟಿಯೂ ಉದ್ದ. ಗಣಿತದಲ್ಲಿ ಎರಡೂ ಕಡಿಮೆ. ಹಾಗಾಗಿ ಮೂರು ಕ್ಷೇತ್ರಕ್ಕೆ ಮೂರು ಪಟ್ಟಿ ಮಾಡಿದೆ. ಸ್ಕೋಪಸ್ ಎಂಬ ಡೇಟಾಬೇಸ್ ತಾನು ಆಯ್ದ ಪತ್ರಿಕೆ, ಪುಸ್ತಕಗಳಿಂದಷ್ಟೇ ಎಣಿಸುತ್ತದೆ, ಸ್ಕಾಲರ್ ಪಿಎಚ್‌ಡಿ ಪ್ರಬಂಧ, ವರದಿಗಳನ್ನೂ ಹಿಡಿಯುತ್ತದೆ. ಎರಡರ ಅಂಕಿಯನ್ನೂ ಅಕ್ಕಪಕ್ಕ ಬರೆದು, ನನ್ನನ್ನು ನಾನೇ ಉಲ್ಲೇಖಿಸಿಕೊಂಡದ್ದನ್ನು ಕಳೆದೆ.

ಹೆಚ್ಚು ಹೊತ್ತು ಹಿಡಿದದ್ದು, ನನಗೆ ಅತಿ ಮುಖ್ಯ ಅನ್ನಿಸಿದ್ದು ಮುಂದಿನ ಕೆಲಸ. ನನ್ನನ್ನು ಉಲ್ಲೇಖಿಸಿದ ಪೇಪರುಗಳನ್ನು ತೆರೆದು ಆ ಸಾಲನ್ನೇ ಹುಡುಕಿ ಓದಿದೆ. ಬಹಳ ಕಡೆ ‘ಕರ್ನಾಟಕದಲ್ಲೂ ಫ್ಲೋರೈಡ್ ಇದೆ’ ಎಂಬ ಪೀಠಿಕೆಯ ವಾಕ್ಯಕ್ಕೆ ಹತ್ತು ಹೆಸರಿನ ಜೊತೆ ನನ್ನದೂ ಇತ್ತು. ಕೆಲವು ಕಡೆ ಮಾತ್ರ ನನ್ನ ಅಳತೆಯ ಕ್ರಮವನ್ನೇ ಬಳಸಿದ್ದರು. ನೀರಿನಲ್ಲಿರುವ ಅಲ್ಯೂಮಿನಿಯಂ, ಕಬ್ಬಿಣ ಫ್ಲೋರೈಡನ್ನು ಹಿಡಿದಿಟ್ಟುಕೊಂಡರೆ ಅದನ್ನು ಅಳೆಯುವ ಎಲೆಕ್ಟ್ರೋಡ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಇದಕ್ಕೆಂದೇ ಬಳಸುವ ಟಿಸಾಬ್ ಎಂಬ ದ್ರಾವಣ ಬೆರೆಸಿದರೆ ಫ್ಲೋರೈಡ್ ಬಿಡಿಸಿಕೊಂಡು ಬರುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ ಇರುವಾಗ ಈ ವ್ಯತ್ಯಾಸದಿಂದ ಒಂದು ಬೋರ್‌ವೆಲ್ಲಿನ ಹಣೆಬರಹವೇ ಬದಲಾದೀತು. ಪೀಠಿಕೆಯ ಸೈಟೇಶನ್ನೂ ನನ್ನ ಕ್ರಮ ಬಳಸಿದವರ ಸೈಟೇಶನ್ನೂ ಎಣಿಕೆಯಲ್ಲಿ ಸಮ, ಬೆಲೆಯಲ್ಲಿ ಅಲ್ಲವೇ ಅಲ್ಲ.

ಕನ್ನಡ ವಿಭಾಗದ ಮೇಡಂ ಶಾಸನಗಳ ಮೇಲೆ ಕೆಲಸ ಮಾಡುತ್ತಾರೆ. ಅವರ ಕ್ಷೇತ್ರದಲ್ಲಿ ಶಾಸನತಜ್ಞ ಬಿ. ಎಲ್. ರೈಸ್ 1905ರಲ್ಲಿ ಹೊರತಂದ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಗ್ರಹದ ಕೋಲಾರ ಜಿಲ್ಲೆಯ ಸಂಪುಟ ಇಂದಿಗೂ ಅಡಿಟಿಪ್ಪಣಿಗಳಲ್ಲಿದೆ. ಪತ್ರಿಕೆಗಳನ್ನು ಸೈಟೇಶನ್ನಿಂದ ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವುದು ಹಿಂದಿನ ಎರಡು ವರ್ಷದ ಲೇಖನಗಳನ್ನು ಮಾತ್ರ. ನೂರು ವರ್ಷ ಬಾಳುವ ಕೆಲಸವನ್ನು ಅದರಲ್ಲಿ ಅಳೆಯುವುದು ಅನ್ಯಾಯ. ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಗೆ ರಕ್ಷಣೆ ಬೇಕೆಂದು ಸಂಶೋಧನೆಯನ್ನು ಅಂಕಿಗಳಿಂದ ಅಳೆಯುವುದು ಹೇಗೆಂದು ತಿಳಿಸುವ 2015ರ ಲೈಡನ್ ಪ್ರಣಾಳಿಕೆ ಸ್ಪಷ್ಟವಾಗಿ ಹೇಳಿದೆ. ಅದನ್ನು ಅವರ ಅರ್ಜಿಗೆ ಲಗತ್ತಿಸಲು ಕೊಟ್ಟೆ.

ನನ್ನ ಫೈಲಿನಲ್ಲಿ ಮೂರು ಪಟ್ಟಿ, ಅಂಕಿ ತೆಗೆದ ದಿನಾಂಕ, ನನ್ನ ಕ್ರಮ ಬಳಸಿದ ಪೇಪರುಗಳ ಆ ಪುಟಗಳ ಜೆರಾಕ್ಸ್ ಇಟ್ಟೆ. ಸಂದರ್ಶನದಲ್ಲಿ ಸಮಿತಿಯವರು ಹೆಚ್ಚು ಪ್ರಶ್ನೆ ಕೇಳಿದ್ದು ಆ ಜೆರಾಕ್ಸ್ ಪುಟಗಳ ಮೇಲೆ.