ಅಯೋಡಿನ್ ಎರಡರಷ್ಟು ಹಾಕಿ ನೋಡಿದಾಗ

ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ದರ ನಿಯಮ ಎಂದರೆ ಯಾವ ಪದಾರ್ಥ ಎಷ್ಟಿದ್ದರೆ ಕ್ರಿಯೆ ಎಷ್ಟು ಬೇಗ ನಡೆಯುತ್ತದೆ ಎಂದು ಹೇಳುವ ಸೂತ್ರ. ಅದರ ಪಾಠ ಬಂದರೆ ಪ್ರತಿ ವರ್ಷ ಅದೇ ತಪ್ಪು. ಸಮೀಕರಣದಲ್ಲಿ ಏನೇನಿದೆಯೋ ಅದನ್ನೆಲ್ಲ ದರ ನಿಯಮದಲ್ಲೂ ಬರೆದುಬಿಡುತ್ತಾರೆ. ಒಂದು ದಿನ ಬೋರ್ಡ್ ಬಿಟ್ಟು ಎಲ್ಲರನ್ನೂ ಲ್ಯಾಬಿಗೆ ಕರೆದುಕೊಂಡು ಹೋದೆ.

ಆಮ್ಲ ಬೆರೆಸಿದ ನೀರಿನಲ್ಲಿ ಅಸಿಟೋನ್ ಮತ್ತು ಅಯೋಡಿನ್ ಸೇರಿ ಅಯೋಡೋಅಸಿಟೋನ್ ಆಗುವ ಕ್ರಿಯೆ ಆರಿಸಿಕೊಂಡೆ. 4 ಮೋಲಾರ್ (ಸಾಂದ್ರತೆಯ ಅಳತೆ) ಅಸಿಟೋನ್ 10 ಮಿ.ಲೀ., 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 10, ನೀರು 20. ಕೊನೆಗೆ 0.005 ಮೋಲಾರ್ ಅಯೋಡಿನ್ 10. ಹಳದಿ ಬಣ್ಣ ಪೂರ್ತಿ ಹೋಗಲು ಸುಮಾರು 4 ನಿಮಿಷ ಹಿಡಿಯಿತು. ಅಸಿಟೋನ್ ಬೇಕಾದಷ್ಟಿದ್ದು ಅಯೋಡಿನ್ ಮಾತ್ರ ಚೂರೇ ಇರಬೇಕು, ಅದು ಮುಖ್ಯ.

ಆಮೇಲೆ ಅಯೋಡಿನ್ 20 ಹಾಕಿ ನೀರು 10ಕ್ಕೆ ಇಳಿಸಿದೆವು. ಒಟ್ಟು 50 ಮಿ.ಲೀ. ಬದಲಾದರೆ ಲೆಕ್ಕವೇ ಕೆಡುತ್ತದೆ. ಈ ಸಲ ಸುಮಾರು 8 ನಿಮಿಷ. "ಅಯೋಡಿನ್ ಜಾಸ್ತಿ ಆದ್ರೆ ನಿಧಾನ ಆಗುತ್ತಲ್ವಾ ಸಾರ್?" ಎಂದ ಒಬ್ಬ ಹುಡುಗ. ಹಾಗಲ್ಲ. ಖರ್ಚಾಗಬೇಕಾದ್ದು ಎರಡರಷ್ಟು, ಹಿಡಿದ ಸಮಯವೂ ಎರಡರಷ್ಟು. ನಿಮಿಷಕ್ಕೆ ಖರ್ಚಾದ ಅಯೋಡಿನ್ ಮೊದಲಿನಷ್ಟೇ! ಅಸಿಟೋನ್ ಎರಡರಷ್ಟು ಮಾಡಿದಾಗ ಸಮಯ ಅರ್ಧಕ್ಕೆ ಇಳಿಯಿತು. ಆಮ್ಲ ಎರಡರಷ್ಟು ಮಾಡಿದಾಗಲೂ ಅಷ್ಟೇ.

ನಮ್ಮ ಮಕ್ಕಳಿಗೆ ಆಲೆಮನೆ ಗೊತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕ ಬರುವುದೇ ನಿಧಾನ. ಅಚ್ಚಿಗೆ ಹೊಯ್ಯಲು ಇಬ್ಬರಿದ್ದರೂ ನಾಲ್ವರಿದ್ದರೂ ದಿನದ ಬೆಲ್ಲ ಅಷ್ಟೇ. ಅಯೋಡಿನ್ ಅಚ್ಚು ಹಿಡಿದು ಕಾಯುವವನ ಹಾಗೆ. ಅಸಿಟೋನ್ ಮೊದಲು ಆಮ್ಲದಿಂದ ಪ್ರೋಟಾನ್ ಪಡೆಯುತ್ತದೆ, ಇದು ಬೇಗ. ಅದು ಈನಾಲ್ ಆಗಿ, ಅಂದರೆ ಅಸಿಟೋನಿನದೇ ಇನ್ನೊಂದು ರೂಪವಾಗಿ, ಬದಲಾಗುವುದೇ ನಿಧಾನದ ಹಂತ. ಈನಾಲ್ ಆದ ತಕ್ಷಣ ಅಯೋಡಿನ್ ಅದರ ಜೊತೆ ಸೇರಿಬಿಡುತ್ತದೆ. ಹಾಗಾಗಿ ಸಮೀಕರಣದ ಎಡಗಡೆ ಇರುವ ಅಯೋಡಿನ್ ದರ ನಿಯಮದಲ್ಲಿಲ್ಲ. ಎಡಗಡೆ ಇಲ್ಲದ ಆಮ್ಲ ಇದೆ, ಯಾಕೆಂದರೆ ಅದರ ಕೆಲಸ ನಿಧಾನದ ಹಂತಕ್ಕೆ ಮುಂಚೆಯೇ ನಡೆದಿರುತ್ತದೆ. ಬ್ರೋಮಿನ್ ಬಳಸಿ 1904ರಲ್ಲೇ ಬ್ರಿಟಿಷ್ ರಸಾಯನ ವಿಜ್ಞಾನಿ ಆರ್ಥರ್ ಲ್ಯಾಪ್‌ವರ್ತ್ ಇದನ್ನು ಕಂಡಿದ್ದ. ನನಗೆ ಇವತ್ತಿಗೂ ಇದು ಕೆಮಿಸ್ಟ್ರಿಯ ಅತಿ ಚೆಂದದ ಪ್ರಯೋಗ.

ಮಧ್ಯಾಹ್ನದ ಬ್ಯಾಚಿಗೆ ಎಲ್ಲ ಸಮಯವೂ ಕಡಿಮೆ ಬಂತು. ಲ್ಯಾಬ್ ಕಾದಿತ್ತು. ಈಗ ಬೀಕರುಗಳನ್ನು ನೀರಿನ ಟಬ್ಬಿನಲ್ಲಿಟ್ಟು ಎಲ್ಲವನ್ನೂ ಒಂದೇ ಬಿಸಿಗೆ ತಂದ ಮೇಲೆ ಶುರು ಮಾಡುತ್ತೇನೆ. ಉಂಟಾಗುವ ಅಯೋಡೋಅಸಿಟೋನ್ ಕಣ್ಣು ಉರಿಸುತ್ತದೆ. ಕಿಟಕಿ ತೆರೆದಿಡಿ, ಕನ್ನಡಕ ಹಾಕಿಸಿ.