ಕರ್ಚಿಕಾಯಿ ಬರುವವರಿಗೆ ಕುಂಬಳಕಾಯಿ ಪಾಸ್ತಾನೂ ಬರುತ್ತದೆ

ಹೂರಣದಲ್ಲಿ ನೀರಿರಬಾರದು. ಕುಂಬಳಕಾಯಿ ಹೂರಣ ತುಂಬುವ ಈ ಪಾಸ್ತಾದಲ್ಲಿ ಕಲಿಯಬೇಕಾದದ್ದು ಮುಕ್ಕಾಲು ಪಾಲು ಇಷ್ಟೇ. ಮೊದಲ ಸಲ ನಾನು ಕುಂಬಳಕಾಯಿಯನ್ನು ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿ, ಹಿಸುಕಿ, ಹಾಗೇ ತುಂಬಿದ್ದೆ. ಕುದಿಯುವ ನೀರಿಗೆ ಬಿಟ್ಟ ಎರಡೇ ನಿಮಿಷಕ್ಕೆ ಅರ್ಧಕ್ಕರ್ಧ ಬಾಯಿ ಬಿಟ್ಟು ನೀರೆಲ್ಲ ಹಳದಿಯಾಯಿತು. ಅದಾದ ಮೇಲೆ ಇದಕ್ಕೆ ಕುಕ್ಕರ್ ಇಟ್ಟಿಲ್ಲ.

ಇದು ಇಟಲಿಯ ಮಾಂಟೋವಾ ಊರಿನ ಅಡುಗೆ. ಅಲ್ಲಿ ತೊರ್ತೆಲ್ಲಿ ದಿ ಝುಕ್ಕಾ ಅಂತಾರೆ, ಕ್ರಿಸ್‌ಮಸ್ ಹಿಂದಿನ ರಾತ್ರಿ ಮಾಂಸವಿಲ್ಲದ ಊಟಕ್ಕೆ ಮಾಡುತ್ತಾರೆ. ಹೂರಣಕ್ಕೆ ಬಾದಾಮಿ ರುಚಿಯ ಬಿಸ್ಕತ್ತಿನ ಪುಡಿ, ಸಾಸಿವೆ ಘಾಟಿನ ಹಣ್ಣಿನ ಮುರಬ್ಬ, ಪಾರ್ಮೆಸಾನ್ ಚೀಸ್, ಜಾಯಿಕಾಯಿ ಹಾಕುತ್ತಾರೆ. ಸಿಹಿ, ಉಪ್ಪು, ಘಾಟು ಎಲ್ಲ ಒಂದೇ ತುತ್ತಿನಲ್ಲಿ. ಹೋಳಿಗೆ ಜೊತೆ ಕಟ್ಟಿನ ಸಾರು ಉಣ್ಣುವ ನಮಗೆ ಇದೇನು ಹೊಸದಲ್ಲ, ಅಲ್ವಾ?

ನಾಲ್ಕು ಜನರಿಗೆ 1 ಕಿಲೋ ಸಿಹಿಗುಂಬಳ ಬೇಕು. ಗಾರಿಗೆಗೆ ಹೇಗೆ ಆರಿಸುತ್ತೀರೋ ಹಾಗೆ ಆರಿಸಿ: ಸಿಪ್ಪೆಗೆ ಉಗುರು ಇಳಿಯಬಾರದು, ಒಳಗೆ ಗಾಢ ಕೇಸರಿ ಇರಬೇಕು. ಸಂತೆಯಲ್ಲಿ ಹೋಳು ಮಾಡಿ ಮಾರುತ್ತಾರಲ್ಲ, ಕತ್ತರಿಸಿದ ಕಡೆ ನೀರು ಜಿನುಗುತ್ತಿದ್ದರೆ ಅದನ್ನು ಬಿಡಿ. ಬೂದುಗುಂಬಳ ಅಂತೂ ಬೇಡವೇ ಬೇಡ.

ಬೀಜ ತೆಗೆದು, ಸಿಪ್ಪೆ ಸಮೇತ ದಪ್ಪ ಹೋಳು ಮಾಡಿ. ಓವನ್ ಇದ್ದರೆ 200 ಡಿಗ್ರಿಯಲ್ಲಿ 40ರಿಂದ 50 ನಿಮಿಷ. ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಮುಚ್ಚಳ ಹಾಕಿ, ನೀರು ಹಾಕದೆ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ತಿರುವಿ ತಿರುವಿ ಬೇಯಿಸಿ, ಅಂಚು ಕಂದು ಬಂದರೆ ರುಚಿ ಇನ್ನೂ ಜಾಸ್ತಿ. ಆಮೇಲೆ ತಿರುಳನ್ನು ಹಿಸುಕಿ, ಅಗಲ ಬಾಣಲೆಗೆ ಹಾಕಿ, ಹೋಳಿಗೆ ಹೂರಣ ಗಟ್ಟಿ ಮಾಡುವ ಹಾಗೆ ಸೌಟು ನೆಟ್ಟಗೆ ನಿಲ್ಲುವವರೆಗೆ ಕೈಯಾಡಿಸಿ. ಇಲ್ಲಿ ಅವಸರ ಮಾಡಬೇಡಿ, ಹದಿನೈದು ನಿಮಿಷ ಬೇಕಾದರೂ ಬೇಕು. ಆರಿದ ಮೇಲೆ ತುರಿದ ಚೀಸ್ 50 ಗ್ರಾಂ, ರಸ್ಕ್ ಪುಡಿ ಮೂರು ಚಮಚ, ಜಾಯಿಕಾಯಿ, ಚಿಟಿಕೆ ಸಾಸಿವೆ ಪುಡಿ, ಉಪ್ಪು ಸೇರಿಸಿ. ಪಾರ್ಮೆಸಾನ್‌ಗೆ ಹಾಲು ಗಟ್ಟಿಯಾಗಲೆಂದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುತ್ತಾರೆ, ಶುದ್ಧ ಸಸ್ಯಾಹಾರಿಗಳು ನಮ್ಮ ಮಾಮೂಲಿ ಚೀಸನ್ನೇ ಹಾಕಿಕೊಳ್ಳಿ. ಒಂದು ಚಮಚ ಹೂರಣ ಕಾಗದದ ಮೇಲಿಟ್ಟು ಐದು ನಿಮಿಷ ಬಿಡಿ. ಸುತ್ತಲೂ ಒದ್ದೆ ಉಂಗುರ ಮೂಡಿದರೆ ಇನ್ನಷ್ಟು ರಸ್ಕ್ ಪುಡಿ ಬೇಕು. ಹಿಂದಿನ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಟ್ಟರೆ ಇನ್ನೂ ಚೆನ್ನ.

ಕಣಕಕ್ಕೆ ಮೈದಾ 200 ಗ್ರಾಂ, ಚಿರೋಟಿ ರವೆ 100 ಗ್ರಾಂ, ಮೊಟ್ಟೆ ಮೂರು. ಮೊಟ್ಟೆ ತಿನ್ನದವರು ಸುಮಾರು 150 ಮಿಲೀ ಬೆಚ್ಚಗಿನ ನೀರು, ಒಂದು ಚಮಚ ಎಣ್ಣೆ ಹಾಕಿ. ದಕ್ಷಿಣ ಇಟಲಿಯ ಎಷ್ಟೋ ಪಾಸ್ತಾ ಬರೀ ರವೆ ಮತ್ತು ನೀರಿನದ್ದೇ, ಆದ್ದರಿಂದ ಏನೋ ಕಡಿಮೆಯಾಯಿತು ಅಂದುಕೊಳ್ಳಬೇಡಿ. ಹೋಳಿಗೆ ಕಣಕದಷ್ಟು ಸಡಿಲ ಬೇಡ, ಪೂರಿ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಹತ್ತು ನಿಮಿಷ ಚೆನ್ನಾಗಿ ನಾದಿ, ಮುಚ್ಚಿ, ಮುಕ್ಕಾಲು ಗಂಟೆ ಬಿಡಿ, ರವೆ ನೀರು ಕುಡಿಯಬೇಕು.

ಲಟ್ಟಿಸುವಾಗ ಫ್ಯಾನ್ ಆರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ರಾಯಚೂರಿನ ಬಿಸಿಗಾಳಿಗೆ ಹಾಳೆ ಕಣ್ಣೆದುರೇ ಒಣಗಿ ಬಿರುಕು ಬಿಡುತ್ತದೆ, ಒಣಗಿದ ಅಂಚು ಏನು ಮಾಡಿದರೂ ಅಂಟುವುದಿಲ್ಲ. ನಾನು ಹಿಟ್ಟನ್ನು ನಾಲ್ಕು ಉಂಡೆ ಮಾಡಿ, ಮೂರನ್ನು ಒದ್ದೆ ಬಟ್ಟೆಯಡಿ ಇಟ್ಟು, ಒಂದೊಂದನ್ನೇ ಲಟ್ಟಿಸಿ ತುಂಬಿ ಮುಗಿಸುತ್ತೇನೆ. ಹಾಳೆಯ ಕೆಳಗಿಟ್ಟ ಪೇಪರಿನ ದಪ್ಪಕ್ಷರ ಮಸುಕಾಗಿ ಕಾಣುವಷ್ಟು ತೆಳು ಇರಬೇಕು. ಡಬ್ಬಿ ಮುಚ್ಚಳದಿಂದ 7 ಸೆಂಟಿಮೀಟರ್ ಅಗಲದ ಬಿಲ್ಲೆ ಕತ್ತರಿಸಿ, ಒಂದು ಸಣ್ಣ ಚಮಚ ಹೂರಣ ಇಟ್ಟು, ಅಂಚಿಗೆ ನೀರು ಸವರಿ, ಕರ್ಚಿಕಾಯಿ ಹಾಗೆ ಮಡಚಿ. ಹೂರಣದ ಸುತ್ತ ಒತ್ತುತ್ತಾ ಗಾಳಿಯನ್ನೆಲ್ಲ ಹೊರಗೆ ಹಾಕಿ, ಒಳಗೆ ಗಾಳಿ ಉಳಿದರೆ ಬೇಯುವಾಗ ಉಬ್ಬಿ ಒಡೆಯುತ್ತದೆ. ಅಂಚಿಗೆ ಕರ್ಚಿಕಾಯಿ ಚಕ್ರ ಓಡಿಸಿದರೆ ಚೆಂದ ಕಾಣುತ್ತದೆ. ರವೆ ಉದುರಿಸಿದ ತಾಟಿನಲ್ಲಿ ಬಿಡಿಬಿಡಿಯಾಗಿ ಇಡಿ. ಮೈದಾ ಉದುರಿಸಿದರೆ ಅಂಟಿಕೊಳ್ಳುತ್ತದೆ.

ಒಂದು ಲೀಟರ್ ನೀರಿಗೆ 10 ಗ್ರಾಂ ಉಪ್ಪು. ನೀರು ಕೊತಕೊತ ಅನ್ನಬಾರದು, ಮೆಲ್ಲಗೆ ಕುದಿಯುತ್ತಿರಲಿ. ಹನ್ನೆರಡು ಹದಿನೈದರಂತೆ ಬಿಟ್ಟು, ತೇಲಿ ಬಂದ ಮೇಲೆ ಇನ್ನೊಂದು ನಿಮಿಷ ಬಿಟ್ಟು ತೂತಿನ ಸೌಟಿನಲ್ಲಿ ತೆಗೆಯಿರಿ.

ಮಾಂಟೋವಾದಲ್ಲಿ ಬೆಣ್ಣೆ, ಸೇಜ್ ಎಲೆ ಹಾಕುತ್ತಾರೆ. ನಾನು ಕರಿಬೇವು ಹಾಕುತ್ತೇನೆ, ನನಗೆ ಅದೇ ಇಷ್ಟ. ಮನೆಯ ಬೆಣ್ಣೆ ಕಾಯಿಸಿ, ನೊರೆ ಇಳಿದು ತಳದ ಗಸಿ ಕೆಂಪಗಾಗಿ ಘಮ ಬಂದ ಕೂಡಲೇ ಕರಿಬೇವು, ಒಂದು ಮುರಿದ ಬ್ಯಾಡಗಿ ಮೆಣಸಿನಕಾಯಿ ಹಾಕಿ ಒಲೆ ಆರಿಸಿ, ಆ ಗಸಿ ಸಮೇತ ಮೇಲೆ ಸುರಿಯಿರಿ. ತುಪ್ಪದ ಹಾಗೆ ಸೋಸಬೇಡಿ, ರುಚಿ ಇರುವುದೇ ಆ ಗಸಿಯಲ್ಲಿ.

ಉಳಿದವನ್ನು ಹಸಿಯಾಗಿ ಹೊರಗೆ ಬಿಟ್ಟರೆ ತಳ ಒದ್ದೆಯಾಗಿ ತಾಟಿಗೆ ಹಿಡಿಯುತ್ತದೆ. ತಾಟು ಸಮೇತ ಫ್ರೀಜರ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ಬೇಕಾದಾಗ ಕರಗಿಸದೆ ನೇರವಾಗಿ ಕುದಿಯುವ ನೀರಿಗೆ ಹಾಕಿ, ಒಂದೆರಡು ನಿಮಿಷ ಜಾಸ್ತಿ ಬೇಯಿಸಿ.